ಖುಷಿಗೆ ಬರೆಯುವವರು ಎಲ್ಲಿ ಬರೆಯಬೇಕು? ನೋಟ್‌ಬುಕ್ಕಿನಿಂದ ಬ್ಲಾಗಿನವರೆಗೆ

ನಮ್ಮಪ್ಪ ತಿಪಟೂರಿನಲ್ಲಿ ಟೈಲರ್ ಆಗಿದ್ದರು. ಅವರ ಅಳತೆ ಪುಸ್ತಕಗಳು ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿನಲ್ಲಿದ್ದವು. 2009ರಲ್ಲಿ ಮನೆಗೆ ಸುಣ್ಣ ಹೊಡೆಸುವಾಗ ಅವನ್ನು ಕೆಳಗಿಳಿಸಿದೆ. ಒಂದೊಂದು ಸಾಲಿನಲ್ಲೂ ಒಬ್ಬೊಬ್ಬರ ಹೆಸರು, ಉದ್ದ, ಸೊಂಟ, ಸೀಟು, ಬಾಟಂ. ಪಕ್ಕದಲ್ಲಿ ಆ ಬಟ್ಟೆಯದೇ ಒಂದು ಚೂರು, ಗುಂಡುಸೂಜಿಯಲ್ಲಿ ಸಿಕ್ಕಿಸಿದ್ದು. ಸೂಜಿ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿದ್ದಿತ್ತು. ಬಟ್ಟೆಯ ಬಣ್ಣ ಮಾತ್ರ ಮಾಸಿರಲಿಲ್ಲ. ಬೆಲ್ ಬಾಟಂ ಕಾಲದ ಪುಟಗಳಲ್ಲಿ ಬಾಟಂ 24 ಇಂಚು, 26 ಇಂಚು. ಹತ್ತು ವರ್ಷ ಮುಂದಕ್ಕೆ ತಿರುವಿದರೆ ಅದೇ ಜನರದ್ದು 16ಕ್ಕೆ ಇಳಿದಿದೆ, ಸೊಂಟ ಮಾತ್ರ ಏರಿದೆ.

ಅವತ್ತು ರಾತ್ರಿ ಅದನ್ನೆಲ್ಲ ಬರೆದು, ಎರಡು ಪುಟದ ಫೋಟೋ ತೆಗೆದು, ಬ್ಲಾಗಿಗೆ ಹಾಕಿದೆ. ಮೊದಲ ವಾರ ಓದಿದವರು ಹನ್ನೊಂದು ಜನ. ಆದರೆ ಬರೆದು ಎದ್ದಾಗ ಮೈ ಹಗುರಾಗಿತ್ತು. ಅಪ್ಪ ಹೋಗಿ ಆಗ ಮೂರು ವರ್ಷವಾಗಿತ್ತು. ಅವರ ಬಗ್ಗೆ ಸರಿಯಾಗಿ ಯೋಚಿಸಿದ್ದು ಆ ರಾತ್ರಿಯೇ ಅನ್ನಿಸಿತು.

ಆಮೇಲಿಂದ ಬರೆಯುತ್ತಲೇ ಇದ್ದೇನೆ. ಬೇರೆ ಬೇರೆ ಜಾಗಗಳಲ್ಲಿ ಬರೆದು ನೋಡಿದ್ದೇನೆ. ಗೆಳೆಯರು, ನೆಂಟರು, ಜೊತೆಗೆ ಕೆಲಸ ಮಾಡುವವರು ಆಗಾಗ ಕೇಳುತ್ತಾರೆ: 'ನಂಗೂ ಏನಾದ್ರೂ ಬರೀಬೇಕು ಅನ್ಸುತ್ತೆ, ಎಲ್ಲಿ ಶುರು ಮಾಡ್ಲಿ?' ಹುಡುಕಿದರೆ ಸಿಗುವ ಸಲಹೆಗಳೆಲ್ಲ ಬರೆದು ದುಡ್ಡು ಮಾಡುವುದು ಹೇಗೆ ಎಂಬುದರ ಬಗ್ಗೆಯೇ ಇವೆ. ದುಡ್ಡು ಬೇಡ, ಬರೆದ ಸಮಾಧಾನ ಸಾಕು ಅನ್ನುವವರಿಗೆ ಆ ಸಲಹೆ ಕೆಲಸಕ್ಕೆ ಬರುವುದಿಲ್ಲ. ದುಡ್ಡಿಗೆ ಒಳ್ಳೆಯದಾದ ಜಾಗ ಖುಷಿಗೂ ಒಳ್ಳೆಯದೇ ಆಗಿರಬೇಕು ಅಂತಿಲ್ಲ. ಅದಕ್ಕೇ ನಾನು ಕಂಡದ್ದನ್ನು ಇಲ್ಲಿ ಹೋಲಿಸಿ ಹೇಳುತ್ತಿದ್ದೇನೆ.

ಮೊದಲು ದುಡ್ಡಿನ ಮಾತು ಮುಗಿಸೋಣ

ಒಂದು ವರ್ಷ ನಾನು ದುಡ್ಡಿಗೂ ಬರೆದಿದ್ದೇನೆ. ಒಂದು ಜಾಲತಾಣದವರು ಲೇಖನಕ್ಕೆ ನೂರೈವತ್ತು ರೂಪಾಯಿ ಕೊಡುತ್ತಿದ್ದರು. ವಿಷಯ ಅವರದೇ: ತೂಕ ಇಳಿಸುವ ಹತ್ತು ದಾರಿ, ಕೂದಲು ಉದುರದಿರಲು ಏನು ಮಾಡಬೇಕು, ಹೀಗೆ. ಹೇಳಿದಷ್ಟು ದುಡ್ಡು ಸರಿಯಾಗಿ ಬಂತು, ಅದರಲ್ಲಿ ತಕರಾರಿಲ್ಲ. ಆದರೆ ಆ ವರ್ಷ ನನ್ನದು ಅಂತ ಒಂದೇ ಒಂದು ಪುಟ ಬರೆಯಲಿಲ್ಲ. ರಾತ್ರಿ ಕಂಪ್ಯೂಟರ್ ಮುಂದೆ ಕೂತರೆ 'ಇದಕ್ಕೆ ಎಷ್ಟು ಸಿಗುತ್ತೆ' ಅನ್ನುವ ಲೆಕ್ಕ ಮೊದಲು ಬರುತ್ತಿತ್ತು.

ಇದು ನನ್ನೊಬ್ಬನ ಅನುಭವ ಅಲ್ಲ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ 'ಬಿಡಿಸಿದರೆ ಬಹುಮಾನ ಕೊಡ್ತೀವಿ' ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಆಸೆಯಿಂದ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ಹೇಳದೆ ಕೊಟ್ಟ ಬಹುಮಾನದಿಂದ ತೊಂದರೆ ಆಗಿರಲಿಲ್ಲ. ಮೊದಲೇ ಒಪ್ಪಂದ ಆಗಿದ್ದೇ ಖುಷಿಯನ್ನು ತಿಂದುಹಾಕಿತ್ತು.

ಕನ್ನಡದಲ್ಲಂತೂ ಲೆಕ್ಕವೂ ಹೊಂದುವುದಿಲ್ಲ. ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತಿನಲ್ಲಿ 100 ಡಾಲರ್ ಸೇರುವ ತನಕ ಹಣ ಕೈಗೆ ಬರುವುದಿಲ್ಲ. ತಿಂಗಳಿಗೆ ಇನ್ನೂರು ಜನ ಓದುವ ಬರಹಕ್ಕೆ ಅಷ್ಟು ಸೇರಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅಷ್ಟಕ್ಕಾಗಿ ಅಪ್ಪನ ಅಳತೆ ಪುಸ್ತಕದ ಪಕ್ಕದಲ್ಲಿ ಸಾಲದ ಜಾಹೀರಾತು ಮಿನುಗುವುದು ನನಗೆ ಬೇಡ.

ಹಾಗಾಗಿ ಜಾಗ ಆರಿಸುವಾಗ ನಾನು ಮೂರೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಯಾರು ಓದಬೇಕು? ಬರೆದದ್ದು ನಾಳೆ ನನ್ನ ಕೈಗೆ ವಾಪಸ್ ಸಿಗುತ್ತದಾ? ಅಲ್ಲಿ ಕೂತಾಗ ನನ್ನ ಮನಸ್ಸು ಬರಹದ ಮೇಲೆ ಇರುತ್ತದಾ, ಲೈಕಿನ ಮೇಲಾ? ಮೂರನೆಯದನ್ನೇ ಜನ ಜಾಸ್ತಿ ಮರೆಯುವುದು.

ನೋಟ್‌ಬುಕ್

ಇನ್ನೂರು ಪುಟದ ಲಾಂಗ್ ಬುಕ್ಕನ್ನು ಯಾವ ಜಾಲತಾಣವೂ ಸೋಲಿಸುವುದಿಲ್ಲ, ಓದುಗರು ಬೇಡ ಅನ್ನುವುದಾದರೆ. ಪಾಸ್‌ವರ್ಡ್ ಬೇಡ, ಕರೆಂಟ್ ಬೇಡ. ಮುಖ್ಯವಾಗಿ, ಯಾರು ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ ಬೇಡ.

ಮನಸ್ಸಿನ ಭಾರ ಇಳಿಸಲು ಬರೆಯುವವರಿಗೆ ನಾನು ಇದನ್ನೇ ಹೇಳುವುದು. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಅತಿ ನೋವಿನ ಸಂಗತಿಯನ್ನು ಬರೆಯಲು ಹೇಳಿದ್ದರು. ಬರೆದ ತಕ್ಷಣ ಅವರಿಗೆ ಬೇಜಾರು ಜಾಸ್ತಿಯೇ ಆಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಘಟನೆಯ ಜೊತೆಗೆ ತಮಗೆ ಆಗ ಏನನ್ನಿಸಿತು ಅನ್ನುವುದನ್ನೂ ಬರೆದವರು ಕಾಯಿಲೆ ಅಂತ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇಂಥ ಬರಹಕ್ಕೆ ಓದುಗರು ಬೇಕಿಲ್ಲ. ಬೇರೆಯವರ ಕಣ್ಣು ಬಿದ್ದರೆ ಅದು ನಿಜ ಹೇಳುವುದನ್ನೇ ನಿಲ್ಲಿಸುತ್ತದೆ. ಅತ್ತಿಗೆ ಜೊತೆ ಆದ ಜಗಳ, ಡಾಕ್ಟರು ಹೇಳಿದ ಮಾತು, ಸಾಲ, ಮಕ್ಕಳ ಮೇಲಿನ ಕೋಪ, ಇವೆಲ್ಲ ನೋಟ್‌ಬುಕ್ಕಿನ ಸರಕು. ನೋವು ತೀರಾ ಹಸಿಯಾಗಿದ್ದರೆ ಬರೆಯುವುದರ ಜೊತೆಗೆ ಯಾರ ಹತ್ತಿರವಾದರೂ ಮಾತಾಡಿ.

ನೋಟ್‌ಬುಕ್ಕಿನ ಕಷ್ಟ ಏನೆಂದರೆ ಅದು ಒಂದೇ ಪ್ರತಿ. ಗೆದ್ದಲಿಗೂ ಮಳೆಗೂ ಹೆದರಬೇಕು. ಮತ್ತೆ, ಬೇಕಾದ ಸಾಲು ಹುಡುಕಬೇಕಾದರೆ ಇಡೀ ಪುಸ್ತಕ ತಿರುವಬೇಕು. ಪುಟಕ್ಕೆ ತಾರೀಖು ಹಾಕಿ, ಹಿಂದಿನ ರಟ್ಟಿನ ಒಳಗೆ ಯಾವ ಪುಟದಲ್ಲಿ ಏನಿದೆ ಅಂತ ಗೀಚುತ್ತಾ ಹೋದರೆ ಅರ್ಧ ಕಷ್ಟ ಕಳೆಯುತ್ತದೆ.

ಬ್ಲಾಗರ್ ಮತ್ತು ವರ್ಡ್‌ಪ್ರೆಸ್

ನಾಲ್ಕು ಜನ ಓದಲಿ ಅನ್ನಿಸಿದರೆ ಆಗ ಬ್ಲಾಗು. ಪುಕ್ಕಟೆ ಸಿಗುವುದರಲ್ಲಿ ದೊಡ್ಡವು ಎರಡು. ಬ್ಲಾಗರ್ 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಬಂತು. ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಹುಟ್ಟಿದ್ದು 2003ರಲ್ಲಿ. ನಮ್ಮ ಜಾಗ ನಾವೇ ನೋಡಿಕೊಳ್ಳದೆ ಸುಮ್ಮನೆ ಖಾತೆ ತೆರೆದು ಬರೆಯಬಹುದಾದ ವರ್ಡ್‌ಪ್ರೆಸ್ ಡಾಟ್ ಕಾಮ್ 2005ರಿಂದ ಇದೆ.

ನನ್ನ ಮತ ಬ್ಲಾಗರ್‌ಗೆ. ಅದು ನೋಡಲು ಹಳೆಯದು, ಗೂಗಲ್ ಅದಕ್ಕೆ ಹೊಸದೇನೂ ಮಾಡುತ್ತಿಲ್ಲ ಅನ್ನುವ ದೂರು ಇದೆ. ಆದರೆ ಜಿಮೇಲ್ ಇದ್ದವರಿಗೆ ಐದು ನಿಮಿಷದಲ್ಲಿ ಪುಟ ಸಿದ್ಧ. ನಾವಾಗಿ ಜಾಹೀರಾತು ಹಾಕಿಕೊಳ್ಳದಿದ್ದರೆ ಅದು ತಾನಾಗಿ ತೋರಿಸುವುದಿಲ್ಲ. ಮುಂದೆ ಎಂದಾದರೂ ನಿಮ್ಮದೇ ಹೆಸರಿನ ಜಾಲ ವಿಳಾಸ (ಡೊಮೇನ್) ಕೊಂಡರೆ, ಅದನ್ನು ಜೋಡಿಸಲು ಬ್ಲಾಗರ್ ದುಡ್ಡು ಕೇಳುವುದಿಲ್ಲ. ಯಾರನ್ನು ಕರೆಯುತ್ತೀರೋ ಅವರು ಮಾತ್ರ ಓದುವ ಹಾಗೆ ಬೀಗ ಹಾಕಲೂ ಬರುತ್ತದೆ. ಮನೆಯವರಿಗೆ ಮಾತ್ರ ಅಂತ ಬರೆಯುವವರಿಗೆ ಇದು ಬಹಳ ಉಪಯೋಗ.

ವರ್ಡ್‌ಪ್ರೆಸ್ ಡಾಟ್ ಕಾಮ್ ಪುಟಗಳು ಚೆಂದ. ಬರಹಗಳನ್ನು ವಿಂಗಡಿಸಿ ಇಡುವುದರಲ್ಲಿ ಅದು ಮುಂದೆ. ಆದರೆ ಪುಕ್ಕಟೆ ಖಾತೆಯಲ್ಲಿ ಅವರ ಜಾಹೀರಾತು ಬರುತ್ತದೆ, ಫೋಟೋಗಳಿಗೆ 1 ಜಿಬಿ ಜಾಗ ಮಾತ್ರ. ನಿಮ್ಮ ಹೆಸರಿನ ವಿಳಾಸ ಬೇಕಾದರೆ ದುಡ್ಡು ಕಟ್ಟುವ ಯೋಜನೆಗೇ ಹೋಗಬೇಕು. ಇನ್ನೊಂದು ವಿಷಯ: ಒಳಗೆ ಹೋದ ಕೂಡಲೇ ಅದು ಓದಿದವರ ಲೆಕ್ಕ ಮುಂದೆ ಹಿಡಿಯುತ್ತದೆ. ಯಾವ ದೇಶದಿಂದ ಎಷ್ಟು ಜನ, ನಿನ್ನೆಗಿಂತ ಜಾಸ್ತಿಯೋ ಕಮ್ಮಿಯೋ. ಬ್ಲಾಗರ್‌ನಲ್ಲೂ ಲೆಕ್ಕ ಇದೆ, ಆದರೆ ಬೇಕಾದರೆ ಹೋಗಿ ನೋಡಬೇಕು. ನನ್ನಂಥವರಿಗೆ ಈ ಸಣ್ಣ ವ್ಯತ್ಯಾಸವೇ ದೊಡ್ಡದು.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವ ಒಂದು ತೊಡಕು ಹೇಳುತ್ತೇನೆ. ಬ್ಲಾಗರ್‌ನಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಪುಟದ ವಿಳಾಸದಲ್ಲಿ ಆ ಹೆಸರು ಬರುವುದಿಲ್ಲ. ಬರೀ 'ಬ್ಲಾಗ್-ಪೋಸ್ಟ್' ಅಂತ ಬಂದು ಪಕ್ಕದಲ್ಲಿ ಒಂದು ಸಂಖ್ಯೆ ಸೇರುತ್ತದೆ. ಹತ್ತು ಬರಹ ಆದಮೇಲೆ ಯಾವ ವಿಳಾಸ ಯಾವುದರದು ಅಂತ ನಿಮಗೇ ತಿಳಿಯದು. ಪ್ರಕಟಿಸುವ ಮೊದಲು ಬಲಗಡೆಯ ಪಟ್ಟಿಯಲ್ಲಿ ಪರ್ಮಾಲಿಂಕ್ (ಆ ಪುಟದ ಕಾಯಂ ವಿಳಾಸ) ತೆರೆದು ಇಂಗ್ಲಿಷ್ ಅಕ್ಷರದಲ್ಲಿ 'appana-alate-pustaka' ಅನ್ನುವ ಹಾಗೆ ಕೊಟ್ಟುಬಿಡಿ. ವರ್ಡ್‌ಪ್ರೆಸ್‌ನಲ್ಲಿ ಉಲ್ಟಾ. ಅದು ಕನ್ನಡ ಹೆಸರನ್ನೇ ವಿಳಾಸಕ್ಕೆ ಸೇರಿಸುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಅದು ಶೇಕಡಾ ಚಿಹ್ನೆ, ಅಂಕಿಗಳ ನಾಲ್ಕು ಸಾಲಿನ ಉದ್ದದ ಬಾಲವಾಗಿ ಕಾಣಿಸುತ್ತದೆ. ನೋಡಿದವರು ಇದೇನೋ ಮೋಸದ ಲಿಂಕು ಅಂತ ಮುಟ್ಟುವುದೇ ಇಲ್ಲ. ಅಲ್ಲೂ ವಿಳಾಸವನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿಕೊಳ್ಳಿ.

ಇನ್ನು ಬ್ಲಾಗಿನ ದೊಡ್ಡ ಗುಣ. ಅದು ಕಾಯುತ್ತದೆ. ಅಪ್ಪನ ಅಳತೆ ಪುಸ್ತಕದ ಬರಹ ಹಾಕಿ ಒಂಬತ್ತು ವರ್ಷ ಆದಮೇಲೆ ಒಂದು ಮೇಲ್ ಬಂತು. ಮಸ್ಕತ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರಿನ ಹೆಸರು, ಟೈಲರ್ ಅಂಗಡಿ ಅಂತ ಏನೋ ಹುಡುಕುವಾಗ ಸಿಕ್ಕಿತಂತೆ. 'ನಾನು ಮೊದಲ ಸಲ ಕೆಲಸಕ್ಕೆ ಸೇರುವಾಗ ನಿಮ್ಮ ತಂದೆಯವರ ಹತ್ತಿರ ಎರಡು ಪ್ಯಾಂಟು ಹೊಲಿಸಿದ್ದೆ. 76ರ ಪುಸ್ತಕ ಇದ್ದರೆ ನೋಡಿ, ನನ್ನ ಹೆಸರಿರಬೇಕು' ಅಂತ ಬರೆದಿದ್ದರು. ಟ್ರಂಕ್ ತೆಗೆದು ನೋಡಿದೆ. ಇತ್ತು. ಉದ್ದ 40, ಸೊಂಟ 28, ಬಾಟಂ 24. ಪಕ್ಕದಲ್ಲಿ ಬೂದು ಬಣ್ಣದ ಟೆರಿಕಾಟ್ ಚೂರು. ಫೋಟೋ ತೆಗೆದು ಕಳಿಸಿದೆ. ಅವರು ಫೋನ್ ಮಾಡಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಫೇಸ್‌ಬುಕ್ಕಿನಲ್ಲಿ ಬರೆದಿದ್ದರೆ ಅವರಿಗೆ ಅದು ಸಿಗುತ್ತಿರಲಿಲ್ಲ.

ಸ್ವಂತ ಜಾಗ ಬಾಡಿಗೆಗೆ ಹಿಡಿಯುವುದು

ವರ್ಡ್‌ಪ್ರೆಸ್ ತಂತ್ರಾಂಶವನ್ನು ನಮ್ಮದೇ ಬಾಡಿಗೆ ಸರ್ವರ್‌ನಲ್ಲಿ, ಅಂದರೆ ಜಾಲತಾಣ ಇಡುವ ಕಂಪ್ಯೂಟರಿನಲ್ಲಿ, ಹಾಕಿಕೊಳ್ಳಬಹುದು. ತಂತ್ರಾಂಶ ಪುಕ್ಕಟೆ, ಜಾಗಕ್ಕೆ ಬಾಡಿಗೆ. ನಾನು ಮೂರು ವರ್ಷ ಹಾಗೆ ಮಾಡಿದೆ. ಬಣ್ಣ, ಅಕ್ಷರ, ಜೋಡಣೆ ಎಲ್ಲ ನಮ್ಮಿಷ್ಟ. ಆ ಸಡಗರವೇ ಬೇರೆ. ಆದರೆ ನಾಲ್ಕನೇ ವರ್ಷ ನನ್ನ ಬ್ಯಾಂಕ್ ಕಾರ್ಡ್ ಬದಲಾಗಿತ್ತು, ಬಾಡಿಗೆ ತಾನಾಗಿ ಕಟ್ಟಿಕೊಳ್ಳಲಿಲ್ಲ. ಎಚ್ಚರಿಕೆಯ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗಿದ್ದವು. ನೋಡುವ ಹೊತ್ತಿಗೆ ಕಂಪನಿಯವರು ಎಲ್ಲ ಅಳಿಸಿದ್ದರು. ನಲವತ್ತಮೂರು ಬರಹ ಹೋದವು. ಹಳೆಯ ಜಾಲಪುಟಗಳ ಪ್ರತಿ ತೆಗೆದಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ ಹತ್ತೊಂಬತ್ತನ್ನು ವಾಪಸ್ ತಂದೆ. ಉಳಿದವು ಇಲ್ಲ. ಅಳತೆ ಪುಸ್ತಕದ ಬರಹ ಹಳೆಯ ಬ್ಲಾಗರ್‌ನಲ್ಲೇ ಇದ್ದುದರಿಂದ ಉಳಿಯಿತು.

ಕಂಪ್ಯೂಟರ್ ಕೆಲಸವೇ ಇಷ್ಟ, ಅದನ್ನು ಕಲಿಯುವುದೇ ಖುಷಿ ಅನ್ನುವವರು ಈ ದಾರಿ ಹಿಡಿಯಿರಿ. ಬರೆಯುವುದಷ್ಟೇ ಇಷ್ಟ ಅನ್ನುವವರಿಗೆ ಬೇಡ. ಸರ್ವರ್ ಬಾಡಿಗೆ ಇಲ್ಲದೆ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಂದು ವಿಳಾಸ ಮಾತ್ರ ಕೊಂಡು ಬ್ಲಾಗರ್‌ಗೆ ಜೋಡಿಸಿದರೆ ಸಾಕು. ವಿಳಾಸದ ಹಣ ಕಟ್ಟಲು ಮರೆತರೂ ಬರಹ ಅಲ್ಲೇ ಇರುತ್ತದೆ.

ಫೇಸ್‌ಬುಕ್, ವಾಟ್ಸಾಪ್ ಮತ್ತು ಇಂಥವು

2005ರಲ್ಲಿ ಸಂಪದ ಎಂಬ ಕನ್ನಡ ಜಾಲತಾಣ ಶುರುವಾದ ಮೇಲೆ ಕೆಲವು ವರ್ಷ ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ ಇತ್ತು. ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ದಾರಿ ಇರುತ್ತಿತ್ತು. ಊಟ ಆದಮೇಲೆ ಪಕ್ಕದ ಮನೆ ಜಗಲಿಗೆ ಹೋಗಿ ಕೂತು ಬಂದ ಹಾಗೆ. ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಹೋದರು. ಅಲ್ಲಿ ಜನ ಇದ್ದರು, ಅದು ನಿಜ. ಈಗಲೂ ಇದ್ದಾರೆ. ಬ್ಲಾಗಿನಲ್ಲಿ ವಾರಕ್ಕೆ ಹನ್ನೊಂದು ಜನ ಓದುವ ಬರಹಕ್ಕೆ ಅಲ್ಲಿ ಒಂದು ಗಂಟೆಯಲ್ಲಿ ನೂರು ಲೈಕ್ ಬೀಳುತ್ತದೆ. ಹಳೆಯ ಗೆಳೆಯರು, ಮೇಷ್ಟ್ರು, ಚಿಕ್ಕಮ್ಮ ಎಲ್ಲ ಒಂದೇ ಕಡೆ ಸಿಗುತ್ತಾರೆ. ಒಂಟಿಯಾಗಿ ಬರೆಯಲಾರೆ, ಕೂಡಲೇ ಯಾರಾದರೂ ಮಾತಾಡಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ.

ಆದರೆ ಅದು ಸಂತೆ. ಸಂತೆಯಲ್ಲಿ ದನಿ ಎತ್ತರಿಸಬೇಕಾಗುತ್ತದೆ. ನಾನು ಅಲ್ಲಿ ಬರೆದ ಎರಡು ವರ್ಷದಲ್ಲಿ ನನ್ನ ಮೊದಲ ಸಾಲುಗಳು ಬದಲಾದವು. ನಿಧಾನವಾಗಿ ಶುರು ಮಾಡುವುದನ್ನೇ ಬಿಟ್ಟೆ. ಯಾರನ್ನಾದರೂ ಬೈದರೆ ಜಾಸ್ತಿ ಜನ ಬರುತ್ತಾರೆ ಅಂತ ಕೈಗೆ ತಾನಾಗಿ ಗೊತ್ತಾಯಿತು. ನಂಗೆ ಅದು ಇಷ್ಟ ಆಗಲಿಲ್ಲ. ಮೂರು ದಿನ ಕಳೆದರೆ ಆ ಬರಹ ಕೆಳಗೆಲ್ಲೋ ಹೂತುಹೋಗುತ್ತದೆ. ಬರೆದವರಿಗೇ ಹುಡುಕಿ ತೆಗೆಯುವುದು ಕಷ್ಟ.

ವಾಟ್ಸಾಪ್ ಇನ್ನೂ ಬೇರೆ. ಸ್ಟೇಟಸ್‌ಗೆ ಹಾಕಿದ್ದು 24 ಗಂಟೆಯಲ್ಲಿ ಮಾಯ. ಗುಂಪಿಗೆ ಹಾಕಿದ್ದು ಮುಂದಕ್ಕೆ ಹೋಗುತ್ತದೆ, ನಿಮ್ಮ ಹೆಸರು ಮಾತ್ರ ದಾರಿಯಲ್ಲೇ ಉದುರುತ್ತದೆ. ನನ್ನದೇ ಬರಹ ಒಂದು ನನ್ನ ಮಾವನ ಗುಂಪಿನಿಂದ ನನಗೇ ವಾಪಸ್ ಬಂದಿತ್ತು, ಕೆಳಗೆ 'ಕೃಪೆ: ಅಂತರ್ಜಾಲ' ಅಂತ. ಆದರೂ ಒಂದು ಕೆಲಸಕ್ಕೆ ವಾಟ್ಸಾಪ್ ಬಹಳ ಒಳ್ಳೆಯದು. ಬೇರೆ ಕಡೆ ಬರೆದು ಅದರ ಲಿಂಕನ್ನು ಬೇಕಾದ ಹತ್ತು ಜನಕ್ಕೆ ಕಳಿಸುವುದು. ಗುಂಪಿಗಲ್ಲ, ಒಬ್ಬೊಬ್ಬರಿಗೆ. 'ಚಿಕ್ಕಪ್ಪ, ಇದರಲ್ಲಿ ನಿಮ್ಮ ಸೈಕಲ್ ವಿಷಯ ಇದೆ' ಅಂತ ಒಂದು ಸಾಲು ಜೊತೆಗಿಟ್ಟು ಕಳಿಸಿದರೆ ಅವರು ಕೂತು ಓದುತ್ತಾರೆ.

ಇಂಥ ಜಾಗಗಳ ಆಯಸ್ಸನ್ನೂ ಮರೆಯಬಾರದು. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ನಮ್ಮ ಬೆಂಗಳೂರಿನದೇ 'ಕೂ' ಎಂಬ ಜಾಲತಾಣ 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಗಿತ್ತು. ಕನ್ನಡಕ್ಕೆ ಅಂತ ಒಂದು ಜಾಗ ಆಯಿತು ಅಂತ ನಾವೆಲ್ಲ ಎಷ್ಟು ಆಸೆಪಟ್ಟಿದ್ದೆವು. 2024ರ ಜುಲೈನಲ್ಲಿ ಅದೂ ನಿಂತಿತು. ಬ್ಲಾಗರ್‌ಗೂ ಆಯಸ್ಸು ಇದ್ದೇ ಇದೆ. ಅದಕ್ಕೇ ಪ್ರತಿ ಇಟ್ಟುಕೊಳ್ಳುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪ್ರತಿಲಿಪಿ, ಸಬ್‌ಸ್ಟ್ಯಾಕ್, ಮೀಡಿಯಂ

ಕತೆ, ಧಾರಾವಾಹಿ ಬರೆಯುವ ಆಸೆ ಇರುವವರಿಗೆ ಪ್ರತಿಲಿಪಿ ಇದೆ. 2014ರಲ್ಲಿ ಶುರುವಾಗಿದ್ದು, ಬೆಂಗಳೂರಿನದು, ಕನ್ನಡವೂ ಸೇರಿ 12 ಭಾಷೆಗಳಲ್ಲಿದೆ. ಅಲ್ಲಿ ಕತೆ ಓದಲೆಂದೇ ಬಂದ ಕನ್ನಡಿಗರು ಇರುತ್ತಾರೆ. ಹೊಸಬರಿಗೆ ಓದುಗರು ಬೇಗ ಸಿಗುವುದು ಇಲ್ಲಿಯೇ. ನಮ್ಮ ನೆಂಟರೊಬ್ಬರು ಅಡುಗೆ ಮನೆ ಕೆಲಸ ಮುಗಿದ ಮೇಲೆ ಮೊಬೈಲಿನಲ್ಲೇ ದಿನಕ್ಕೊಂದು ಕಂತು ಬರೆಯುತ್ತಾರೆ. 'ಮುಂದೇನಾಯ್ತು ಅಕ್ಕ?' ಅಂತ ಕೇಳುವವರು ಅವರಿಗೆ ಇದ್ದಾರೆ. ಆ ಖುಷಿ ಅವರ ಮುಖದಲ್ಲೇ ಕಾಣುತ್ತದೆ. ಆದರೆ ಓದುಗರ ಒತ್ತಾಯಕ್ಕೆ ಕತೆ ಎಳೆದು ಎಳೆದು ಉದ್ದವಾಗುವುದೂ ಉಂಟು. ನೆನಪು, ಪ್ರಬಂಧ, ಊರಿನ ಸಂಗತಿ ಬರೆಯುವವರಿಗೆ ಅದು ಅಷ್ಟು ಹೊಂದುವುದಿಲ್ಲ.

ಸಬ್‌ಸ್ಟ್ಯಾಕ್ 2017ರದು. ಬರೆದದ್ದು ಓದುಗರ ಮೇಲ್ ಪೆಟ್ಟಿಗೆಗೇ ಹೋಗುತ್ತದೆ. ಚಂದಾ ಹಣ ಕೇಳಿದರೆ ಮಾತ್ರ ಅವರು ಅದರಲ್ಲಿ ಶೇ 10 ಇಟ್ಟುಕೊಳ್ಳುತ್ತಾರೆ, ಪುಕ್ಕಟೆ ಕೊಟ್ಟರೆ ಖರ್ಚಿಲ್ಲ. ದೂರದೂರಿನಲ್ಲಿ ಇರುವ ಇಪ್ಪತ್ತು ಮೂವತ್ತು ಜನಕ್ಕೆ ತಿಂಗಳಿಗೊಂದು ಕಾಗದ ಬರೆದ ಹಾಗೆ ಬರೆಯಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ಅಮೆರಿಕ, ಕೊಲ್ಲಿ ದೇಶಗಳಲ್ಲಿ ಮಕ್ಕಳು ಮೊಮ್ಮಕ್ಕಳು ಇರುವ ಹಿರಿಯರಿಗೆ ನಾನು ಇದನ್ನು ಹೇಳುವುದುಂಟು. ಊರಿನಲ್ಲಿ ಇರುವವರು ಮಾತ್ರ ಮೇಲ್ ತೆರೆದು ನೋಡುವುದೇ ಅಪರೂಪ. ಹಾಗಾಗಿ ಓದುಗರು ಎಲ್ಲಿದ್ದಾರೆ ಅಂತ ನೋಡಿಕೊಂಡು ಇಳಿಯಿರಿ.

ಮೀಡಿಯಂ ಕೂಡ ಬರೆಯುವ ಜಾಲತಾಣವೇ, ಆದರೆ ಇಂಗ್ಲಿಷಿನಲ್ಲಿ ಬರೆಯುವವರಿಗೆ. ಕನ್ನಡಕ್ಕೆ ಬೇಡ.

ವಿಕಿಪೀಡಿಯ

ಇದನ್ನು ಈ ಸಾಲಿಗೆ ಸೇರಿಸಿದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಆದರೆ ಎಷ್ಟೋ ಜನಕ್ಕೆ ತಮ್ಮ ಬಗ್ಗೆ ಬರೆಯುವುದು ಇಷ್ಟವಿಲ್ಲ. ಊರಿನ ಕೆರೆ, ದೇವಸ್ಥಾನದ ಶಾಸನ, ತಮಗೆ ಗೊತ್ತಿರುವ ಗಿಡ, ಹಕ್ಕಿ, ಇವುಗಳ ಬಗ್ಗೆ ಬರೆಯಬೇಕು ಅನ್ನಿಸುತ್ತದೆ. ಅಂಥವರು 2003ರಿಂದ ಇರುವ ಕನ್ನಡ ವಿಕಿಪೀಡಿಯಕ್ಕೆ ಹೋಗಿ. ದುಡ್ಡೂ ಇಲ್ಲ, ಲೈಕೂ ಇಲ್ಲ. ಬರಹದ ತಲೆಯ ಮೇಲೆ ನಿಮ್ಮ ಹೆಸರೂ ಇರುವುದಿಲ್ಲ, ಇತಿಹಾಸದ ಪುಟದಲ್ಲಿ ಮಾತ್ರ ಉಳಿಯುತ್ತದೆ. ಶಾಲೆಯ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆ ಹುಡುಕುವಾಗ ನೀವು ಬರೆದದ್ದನ್ನು ಓದುತ್ತಾಳೆ. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ನಿಸ್ವಾರ್ಥದ ಬರವಣಿಗೆ ಇಲ್ಲ.

ಆದರೆ ಅಲ್ಲಿ ಸ್ವಂತ ಅಭಿಪ್ರಾಯ, ನೆನಪು ನಡೆಯುವುದಿಲ್ಲ. ಹೇಳಿದ್ದಕ್ಕೆಲ್ಲ ಅಚ್ಚಾದ ಆಧಾರ ಕೊಡಬೇಕು. ನೀವು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಅಪ್ಪನ ಅಂಗಡಿ ಅಲ್ಲಿಗೆ ಸೇರುವುದಿಲ್ಲ, ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಸೇರುತ್ತದೆ.

ಎಲ್ಲಿ ಬರೆದರೂ ಇದನ್ನು ಮಾಡಿ

ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ, ಬರೆಯಿರಿ. ಮೊಬೈಲ್ ಕೀಲಿಮಣೆಯಲ್ಲಿ ಬರೆದದ್ದು ಯೂನಿಕೋಡೇ ಆಗಿರುತ್ತದೆ, ಅದಕ್ಕೆ ಯೋಚನೆ ಇಲ್ಲ. ತೊಂದರೆ ಇರುವುದು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳಲ್ಲಿ. 1998ರಲ್ಲಿ ಬಂದ 'ಬರಹ', ಆಮೇಲೆ ಬಂದ 'ನುಡಿ', ಇವೆರಡೂ ಇಲ್ಲದಿದ್ದರೆ ನಮ್ಮಲ್ಲಿ ಬಹಳ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆದರೆ ಆಗಿನ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಹಳೆಯ ಕವಿತೆ, ಕತೆ ಅಂಥ ಕಡತದಲ್ಲಿ ಮಲಗಿದ್ದರೆ ಈಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ತಪ್ಪು ನುಸುಳುತ್ತದೆ, ಒಮ್ಮೆ ಕಣ್ಣಾಡಿಸಿ.

ಆರು ತಿಂಗಳಿಗೊಮ್ಮೆ ಪ್ರತಿ ಇಳಿಸಿಕೊಳ್ಳಿ. ಬ್ಲಾಗರ್, ವರ್ಡ್‌ಪ್ರೆಸ್, ಸಬ್‌ಸ್ಟ್ಯಾಕ್, ಫೇಸ್‌ಬುಕ್ ಎಲ್ಲದರಲ್ಲೂ ನಿಮ್ಮದನ್ನು ನೀವು ಇಳಿಸಿಕೊಳ್ಳುವ ದಾರಿ ಇದೆ. ಬ್ಲಾಗರ್‌ನವರು ಇನ್ನೊಂದು ನೆನಪಿಡಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಬರೆಯದಿದ್ದರೂ ಆಗಾಗ ಒಳಗೆ ಹೋಗಿ ಬನ್ನಿ. ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ನಾನಂತೂ ವರ್ಷಕ್ಕೊಮ್ಮೆ, ದೀಪಾವಳಿ ರಜೆಯಲ್ಲಿ, ಆ ವರ್ಷದ ಬರಹಗಳನ್ನೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸುತ್ತೇನೆ. ಅದೂ ಈಗ ಅಪ್ಪನ ಟ್ರಂಕಿನಲ್ಲೇ ಇದೆ.

ಒಂದೇ ಜಾಗ ಆರಿಸಬೇಕು ಅಂತೇನಿಲ್ಲ

ನನ್ನದು ಈಗ ಹೀಗಿದೆ. ಬೆಳಗ್ಗೆ ಎದ್ದ ಮೇಲೆ ನೋಟ್‌ಬುಕ್ಕಿನಲ್ಲಿ ಹದಿನೈದು ನಿಮಿಷ. ಅದರಲ್ಲಿ ತಿಂಗಳಿಗೆ ಒಂದೋ ಎರಡೋ ಬೆಳೆದು ಬ್ಲಾಗಿಗೆ ಹೋಗುತ್ತವೆ. ಅದರ ಲಿಂಕು ವಾಟ್ಸಾಪ್‌ನಲ್ಲಿ ಬೇಕಾದವರಿಗೆ. ಫೇಸ್‌ಬುಕ್ಕಿನಲ್ಲಿ ಓದುತ್ತೇನೆ, ಬರೆಯುವುದಿಲ್ಲ. ಕತೆ ಬರೆಯುವವರಾಗಿದ್ದರೆ ಬ್ಲಾಗಿನ ಜಾಗದಲ್ಲಿ ಪ್ರತಿಲಿಪಿ ಇಟ್ಟುಕೊಳ್ಳಿ. ವಿದೇಶದಲ್ಲಿರುವ ಮನೆಯವರಿಗೆ ಬರೆಯುವುದಾದರೆ ಸಬ್‌ಸ್ಟ್ಯಾಕ್. ಇಪ್ಪತ್ತರ ಹುಡುಗರು ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾಲು ಬರೆಯುತ್ತಾರೆ, ಅದೂ ಒಂದು ಶುರುವೇ. ಆದರೆ ಮೂಲ ಪ್ರತಿ ಬೇರೆಲ್ಲಾದರೂ ಇಟ್ಟಿರಿ ಅಂತ ನಾನು ಅವರಿಗೆ ಹೇಳುತ್ತೇನೆ.

ಟೈಪ್ ಮಾಡಲು ಬಾರದ ಹಿರಿಯರು ಮನೆಯಲ್ಲಿದ್ದರೆ, ಫೋನಿನ ಕೀಲಿಮಣೆಯಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿದರೆ ಸಾಕು. ಹೇಳಿದ್ದು ಅಕ್ಷರವಾಗುತ್ತದೆ. ಹಳ್ಳಿಯ ಮಾತು, ಅಡುಗೆಯ ಹೆಸರುಗಳು ತಪ್ಪಾಗುತ್ತವೆ, ಪಕ್ಕದಲ್ಲಿ ಕೂತು ತಿದ್ದಬೇಕು. ನಮ್ಮಮ್ಮನಿಗೆ ಈಗ ಎಪ್ಪತ್ತೆಂಟು. ಭಾನುವಾರ ಸಂಜೆ ಅವರು ಹೇಳುತ್ತಾರೆ, ನಾನು ಫೋನ್ ಹಿಡಿದಿರುತ್ತೇನೆ. ಹೋದ ವಾರ ಅಪ್ಪ ಹಬ್ಬದ ಹಿಂದಿನ ರಾತ್ರಿಗಳಲ್ಲಿ ಬೆಳಗಾಗುವ ತನಕ ಹೊಲಿಯುತ್ತಿದ್ದದ್ದು, ಗುಂಡಿ, ಕಾಜಾ ಎಲ್ಲ ಅಮ್ಮನೇ ಲಾಟೀನು ಬೆಳಕಿನಲ್ಲಿ ಹಾಕುತ್ತಿದ್ದದ್ದು ಹೇಳಿದರು. ಹೇಳುತ್ತಾ ಹೇಳುತ್ತಾ ಒಂದು ವರ್ಷ ಯುಗಾದಿಗೆ ನಮಗೆ ಮಾತ್ರ ಹೊಸ ಬಟ್ಟೆ ಯಾಕೆ ಬರಲಿಲ್ಲ ಅನ್ನುವ ಕಡೆ ಹೊರಳಿತು. ಅಲ್ಲಿ ನಿಂತರು. ಕೈ ಅಡ್ಡ ಮಾಡಿ, 'ಇದನ್ನ ಹಾಕ್ಬೇಡಪ್ಪ, ನಿಂಗೆ ಗೊತ್ತಿರ್ಲಿ ಅಂತ ಹೇಳ್ದೆ' ಅಂದರು.

ಮೈಕ್ ಆಫ್ ಮಾಡಿ, ಉಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.